ಮರದ ತಿರುಗು ಕುರ್ಚಿಗೆ ಬದಲಿ ಗಾಲಿಗಳು: ಬಾಳಿಕೆಯ ವಿಚಾರ

೧. ಪ್ರಸ್ತಾವನೆ

ನಮ್ಮ ಹಳೆಯ ಕಾಲೇಜುಗಳ ಕಚೇರಿಗಳಲ್ಲಿಯೂ ವಿಭಾಗ ಮುಖ್ಯಸ್ಥರ ಕೊಠಡಿಗಳಲ್ಲಿಯೂ ತೇಗದ ಮರದಿಂದ ಮಾಡಿದ, ಬೆತ್ತದ ಹೆಣಿಗೆಯ ತಿರುಗು ಕುರ್ಚಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ನಾಲ್ಕು ದಿಕ್ಕಿಗೆ ಚಾಚಿದ ಮರದ ತೋಳುಗಳು, ಅವುಗಳ ನಡುವೆ ಕಬ್ಬಿಣದ ತಿರುಪು, ತಿರುಪಿನ ಮೇಲೆ ಆಸನ, ಒಂದೊಂದು ತೋಳಿನ ತುದಿಗೂ ಒಂದೊಂದು ಗಾಲಿ — ಇದು ಅವುಗಳ ರಚನೆ. ಬೆತ್ತ ಹರಿದರೆ ಮತ್ತೆ ಹೆಣೆಯಿಸಬಹುದು. ಮೆರುಗು ಮಾಸಿದರೆ ಮತ್ತೆ ಹಚ್ಚಿಸಬಹುದು. ಆದರೆ ಇಂತಹ ಕುರ್ಚಿಗಳಲ್ಲಿ ಅನೇಕವು ಬೆತ್ತವಾಗಲಿ ಮರವಾಗಲಿ ಕೆಡುವುದಕ್ಕೆ ಮೊದಲೇ, ಗಾಲಿ ಮುರಿಯಿತೆಂಬ ಕಾರಣದಿಂದ, ನಿರುಪಯುಕ್ತ ವಸ್ತುಗಳ ಪಟ್ಟಿಯನ್ನು ಸೇರಿಬಿಡುತ್ತವೆ.

ಈ ಲೇಖಕನ ಕೊಠಡಿಯಲ್ಲಿದ್ದ ಒಂದು ಕುರ್ಚಿಗೂ ಹೀಗೆಯೇ ಆಗುವುದರಲ್ಲಿತ್ತು. ಅದರ ಹಳೆಯ ಕಬ್ಬಿಣದ ಗಾಲಿಗಳು ಸವೆದಿದ್ದುದರಿಂದ ಪೇಟೆಯಿಂದ ಹೊಳಪಿನ ಹೊಸ ಗಾಲಿಗಳನ್ನು ತರಿಸಿ ಹಾಕಿಸಿದ್ದಾಯಿತು. ಕೆಲವು ತಿಂಗಳು ಕುರ್ಚಿ ಸೊಗಸಾಗಿ ಓಡಾಡಿತು. ಅನಂತರ ಒಂದು ದಿನ ಸಹೋದ್ಯೋಗಿಯೊಬ್ಬರು ಅದರಲ್ಲಿ ಕುಳಿತು ಹಿಂದಕ್ಕೆ ಒರಗಿದ ಕೂಡಲೇ ಒಂದು ತೋಳಿನ ತುದಿ ಉದ್ದಕ್ಕೂ ಸೀಳಿ, ಗಾಲಿ ಕಳಚಿ, ಅವರು ನೆಲಕ್ಕೆ ಬಿದ್ದರು. ದೈವವಶಾತ್ ಹೆಚ್ಚಿನ ಪೆಟ್ಟಾಗಲಿಲ್ಲ. ಬಿದ್ದ ಗಾಲಿಯನ್ನು ಎತ್ತಿ ನೋಡಿದರೆ ಅದಕ್ಕೆ ಯಾವ ಕುಂದೂ ಬಂದಿರಲಿಲ್ಲ. ಕೆಟ್ಟಿದ್ದುದು ದಶಕಗಳ ಕಾಲ ಬಾಳಿದ ತೇಗದ ಮರ.

ಗಾಲಿ ಉಳಿದು ಕುರ್ಚಿ ಕೆಟ್ಟರೆ ಆ ಗಾಲಿಯನ್ನು ಬಾಳಿಕೆಯುಳ್ಳದ್ದೆಂದು ಕರೆಯಬಹುದೆ? ಈ ಪ್ರಶ್ನೆಯೇ ಪ್ರಕೃತ ಲೇಖನಕ್ಕೆ ಮೂಲ. ಕುರ್ಚಿ, ಗಾಲಿ, ನೆಲ ಇವು ಮೂರೂ ಒಂದನ್ನೊಂದು ಒತ್ತುತ್ತಿರುವ ವಸ್ತುಗಳು. ಬಳಕೆಯಲ್ಲಿ ಯಾವುದಾದರೊಂದು ಸವೆಯಲೇಬೇಕು. ಸುಲಭವಾಗಿ ಬದಲಾಯಿಸಬಹುದಾದ ಗಾಲಿಯ ಚಕ್ರವೇ ಮೊದಲು ಸವೆಯುವಂತೆಯೂ ಮರವೂ ನೆಲವೂ ಕೊನೆಯವರೆಗೆ ಉಳಿಯುವಂತೆಯೂ ಆರಿಸುವುದೇ ಸರಿಯಾದ ಆಯ್ಕೆಯೆಂಬುದನ್ನು ಮುಂದೆ ಸಕಾರಣವಾಗಿ ತೋರಿಸಲು ಯತ್ನಿಸಲಾಗಿದೆ.

೨. ಗಾಲಿಯ ಅಂಗಗಳು

ಕುರ್ಚಿಗೆ ಗಾಲಿ ಹಾಕುವುದು ಹೊಸ ಪದ್ಧತಿಯೇನೂ ಅಲ್ಲ. ಇಂಗ್ಲೆಂಡಿನ ಡೌನ್ ಹೌಸಿನಲ್ಲಿ ವಾಸವಾಗಿದ್ದ ಚಾರ್ಲ್ಸ್ ಡಾರ್ವಿನ್ನನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತನ್ನ ಅಧ್ಯಯನ ಕೊಠಡಿಯ ಕುರ್ಚಿಗೆ ಗಾಲಿಗಳನ್ನು ಅಳವಡಿಸಿಕೊಂಡು, ಕುಳಿತಲ್ಲಿಂದಲೇ ಒಂದು ಮಾದರಿಯಿಂದ ಇನ್ನೊಂದು ಮಾದರಿಯ ಬಳಿಗೆ ಸಾಗುತ್ತಿದ್ದನು. ಅಮೆರಿಕದ ತಾಮಸ್ ವಾರನ್ ೧೮೪೯ರಲ್ಲಿ ರೂಪಿಸಿದ ಸ್ಪ್ರಿಂಗ್ ಕುರ್ಚಿಯು ತಿರುಗುತ್ತಲೂ ಇತ್ತು, ಗಾಲಿಗಳ ಮೇಲೆ ಉರುಳುತ್ತಲೂ ಇತ್ತು; ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ಪ್ರದರ್ಶಿಸಲಾಗಿತ್ತು. ಮುಂದೆ ಬಂದ ಮರದ ಕಚೇರಿ ಕುರ್ಚಿಗಳಲ್ಲಿ ತಿರುಪು, ತೋಳು, ಗಾಲಿ ಎಂಬ ಇದೇ ವ್ಯವಸ್ಥೆ ಸರಳವಾದ ರೂಪದಲ್ಲಿ ನೆಲೆಗೊಂಡಿತು.

ಗಾಲಿಯಲ್ಲಿ ನಾಲ್ಕು ಮುಖ್ಯ ಅಂಗಗಳುಂಟು. ನೆಲವನ್ನು ಮುಟ್ಟುವ ಚಕ್ರ ಒಂದು. ಚಕ್ರ ಸುತ್ತುವ ಅಚ್ಚು ಎರಡನೆಯದು. ಅಚ್ಚನ್ನು ಹಿಡಿದಿರುವ ಕವೆ ಮೂರನೆಯದು. ಕವೆಯಿಂದ ಮೇಲೆದ್ದು ಕುರ್ಚಿಯ ತೋಳಿನೊಳಗೆ ಹೊಗುವ ದಂಡ ನಾಲ್ಕನೆಯದು. ದಂಡವು ಚಕ್ರದ ಅಚ್ಚಿಗೆ ನೇರವಾಗಿ ಮೇಲೆ ಇರುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಈ ಸರಿತವಿರುವುದರಿಂದಲೇ ಕುರ್ಚಿಯನ್ನು ಯಾವ ದಿಕ್ಕಿಗೆ ನೂಕಿದರೂ ಚಕ್ರವು ದಂಡದ ಸುತ್ತ ತಿರುಗಿ, ಹಗ್ಗ ಹಿಡಿದು ನಡೆಯಿಸಿದ ಕರುವಿನಂತೆ ಹಿಂದೆ ಹಿಂದೆ ಬರುತ್ತದೆ. ಸರಿತವಿಲ್ಲದಿದ್ದರೆ ಚಕ್ರ ತಾನಾಗಿ ದಿಕ್ಕು ಬದಲಾಯಿಸಲಾರದು. ಈ ಅನುಕೂಲಕ್ಕೆ ಮರವು ತೆರಬೇಕಾದ ಬೆಲೆಯೊಂದುಂಟು. ಅದನ್ನು ನಾಲ್ಕನೆಯ ಭಾಗದಲ್ಲಿ ನೋಡೋಣ.

೩. ಒಂದೊಂದು ಗಾಲಿಯ ಮೇಲೆ ಬೀಳುವ ಭಾರ

ಕುಳಿತವರ ತೂಕ ೭೫ ಕಿಲೋಗ್ರಾಂ, ಕುರ್ಚಿಯದು ೧೫ ಕಿಲೋಗ್ರಾಂ ಎಂದು ಭಾವಿಸೋಣ. ಒಟ್ಟು ೯೦ ಕಿಲೋಗ್ರಾಂ. ಗಾಲಿಗಳು ನಾಲ್ಕಿರುವುದರಿಂದ ಒಂದೊಂದರ ಮೇಲೆ ಇಪ್ಪತ್ತೆರಡೂವರೆ ಕಿಲೋಗ್ರಾಂ ಎಂದು ಲೆಕ್ಕ ಹಾಕುವುದು ಸಹಜ. ಆದರೆ ಈ ಲೆಕ್ಕ ನಿಜವಾಗುವುದು ನೆಲವು ಪೂರ್ಣವಾಗಿ ಸಮತಟ್ಟಾಗಿದ್ದು, ನಾಲ್ಕು ಗಾಲಿಗಳೂ ಒಂದೇ ಎತ್ತರದವಾಗಿದ್ದಾಗ ಮಾತ್ರ. ಕಲ್ಲುಚಪ್ಪಡಿಯ ನೆಲದಲ್ಲಿ ಅಂತಹ ಸಮತೆ ದೊರೆಯುವುದು ವಿರಳ. ನಾಲ್ಕರಲ್ಲಿ ಒಂದು ಗಾಲಿ ಕೂದಲೆಳೆಯಷ್ಟು ಎತ್ತರಿಸಿ ನಿಂತರೂ ಕುರ್ಚಿ ಮೂರರ ಮೇಲೆ ನಿಲ್ಲುತ್ತದೆ.

ಹಾಗಾದರೆ ಭಾರವನ್ನು ಮೂರರಿಂದ ಭಾಗಿಸಬಹುದೆ? ಗಾಲಿಗಳನ್ನು ಆರಿಸುವವರು ಸಾಮಾನ್ಯವಾಗಿ ಹಾಗೆ ಮಾಡುವುದುಂಟು. ನಾಲ್ಕು ತೋಳಿನ ಕುರ್ಚಿಗೆ ಅದೂ ಸಾಲದು. ಏತಕ್ಕೆಂದರೆ, ಉಳಿದ ಮೂರು ಗಾಲಿಗಳಲ್ಲಿ ಎರಡು ಎದುರುಬದುರಾಗಿರುತ್ತವೆ. ಕುಳಿತವರ ಭಾರಕೇಂದ್ರವು ಕುರ್ಚಿಯ ನಡುವಿನಲ್ಲಿ, ಎಂದರೆ ಆ ಎರಡು ಗಾಲಿಗಳನ್ನು ಸೇರಿಸುವ ರೇಖೆಯ ಮೇಲೆಯೇ, ಬೀಳುತ್ತದೆ. ಆದಕಾರಣ ಪೂರ್ತಿ ಭಾರವನ್ನು ಆ ಎರಡೇ ಹೊರುತ್ತವೆ. ಮೂರನೆಯದು ನೆಲವನ್ನು ಮುಟ್ಟಿಕೊಂಡಿರುತ್ತದೆ, ಅಷ್ಟೆ. ಹೀಗೆ ಒಂದೊಂದು ಗಾಲಿಯ ಪಾಲಿಗೆ ೪೫ ಕಿಲೋಗ್ರಾಂ ಬರುತ್ತದೆ. ಮರದ ತೋಳುಗಳು ಸ್ವಲ್ಪ ಬಾಗಿಕೊಡುವುದರಿಂದ ವಾಸ್ತವದಲ್ಲಿ ಭಾರ ಕೊಂಚ ಹಂಚಿಕೆಯಾಗಬಹುದು; ಆದರೆ ಆಯ್ಕೆ ಮಾಡುವವರು ಅದನ್ನು ನಂಬಿಕೊಂಡಿರಕೂಡದು.

ಇನ್ನೊಂದು ಸಂಗತಿ. ಭಾರವನ್ನು ಮೆಲ್ಲಮೆಲ್ಲನೆ ಹೊರಿಸುವುದಕ್ಕೂ ಒಮ್ಮೆಲೇ ಹೊರಿಸುವುದಕ್ಕೂ ಭೇದವುಂಟು. ಮೇಲಿನಿಂದ ಬೀಳಿಸದಿದ್ದರೂ, ಒಮ್ಮೆಲೇ ಹೊರಿಸಿದ ಭಾರವು ಸ್ಥಿತಿಸ್ಥಾಪಕ ವಸ್ತುವಿನಲ್ಲಿ ಅದೇ ಸ್ಥಿರಭಾರವು ಉಂಟುಮಾಡುವುದಕ್ಕಿಂತ ಇಮ್ಮಡಿ ಬಾಗುವಿಕೆಯನ್ನು ಉಂಟುಮಾಡುತ್ತದೆಯೆಂಬುದು ಯಂತ್ರಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದದ್ದೇ ಆಗಿದೆ. ತರಗತಿ ಮುಗಿಸಿ ದಣಿದು ಬಂದವರು ಕುರ್ಚಿಯಲ್ಲಿ ಕುಳಿತುಕೊಳ್ಳುವ ರೀತಿಯನ್ನು ನೆನೆದರೆ ಈ ತತ್ತ್ವಕ್ಕೆ ಬೇರೆ ನಿದರ್ಶನ ಬೇಡ. ಆದ್ದರಿಂದ ಗಾಲಿಯನ್ನು ಕೊಳ್ಳುವಾಗ ಅದರ ಮೇಲೆ ನಮೂದಿಸಿದ ಭಾರವು ಒಟ್ಟು ತೂಕದ ಅರ್ಧಕ್ಕಿಂತ ಯಾವಾಗಲೂ ಹೆಚ್ಚಾಗಿರಬೇಕು. ಒಟ್ಟು ತೂಕದಷ್ಟೇ ಇದ್ದರೆ ಮತ್ತೂ ನಿಶ್ಚಿಂತೆ.

ನಾಲ್ಕು ಗಾಲಿಗಳನ್ನೂ ಒಟ್ಟಿಗೇ ಬದಲಾಯಿಸಬೇಕೆಂಬ ನಿಯಮವೂ ಇದರಿಂದಲೇ ಹುಟ್ಟುತ್ತದೆ. ಮುರಿದ ಒಂದನ್ನು ಮಾತ್ರ ಬದಲಾಯಿಸಿದರೆ ಹೊಸದು ಹಳೆಯವುಗಳಿಗಿಂತ ಒಂದೆರಡು ಮಿಲಿಮೀಟರಾದರೂ ಎತ್ತರವಾಗಿರುತ್ತದೆ. ಆಗ ಅದೂ ಅದರ ಎದುರಿನ ಗಾಲಿಯೂ ಸದಾ ಭಾರ ಹೊರುತ್ತ, ಉಳಿದೆರಡು ಸರದಿಯಂತೆ ಮೇಲೆದ್ದು ಕೆಳಗಿಳಿಯುತ್ತ, ಕುರ್ಚಿ ಕುಂಟತೊಡಗುತ್ತದೆ.

೪. ದಂಡ ಮತ್ತು ಮರ

ಇಂದು ಪೇಟೆಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ದೊರೆಯುವ ಕಚೇರಿ ಕುರ್ಚಿಯ ಗಾಲಿಗೆ ಸಾಮಾನ್ಯವಾಗಿ ೧೧ ಮಿಲಿಮೀಟರು ವ್ಯಾಸದ, ೨೨ ಮಿಲಿಮೀಟರು ಉದ್ದದ ದಂಡವಿರುತ್ತದೆ. ದಂಡದ ಸುತ್ತ ಒಂದು ಸೀಳುಂಗುರವಿದ್ದು, ರಂಧ್ರದೊಳಗೆ ಒತ್ತಿದಾಗ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಉಕ್ಕಿನ ಅಥವಾ ನೈಲಾನಿನ ಪೀಠಕ್ಕೆಂದು ನಿರ್ಮಿತವಾದದ್ದು. ಹಳೆಯ ಮರದ ಪೀಠೋಪಕರಣಗಳಿಗೆ ಬಳಸುತ್ತಿದ್ದ ಒಂದು ಪ್ರಸಿದ್ಧ ಅಳತೆಯಾದರೋ ಬೇರೆ: ದಂಡದ ವ್ಯಾಸ ಸುಮಾರು ೮ ಮಿಲಿಮೀಟರು, ಎಂದರೆ ಅಂಗುಲದ ಹದಿನಾರರಲ್ಲಿ ಐದು ಭಾಗ, ಉದ್ದ ಸುಮಾರು ೩೮ ಮಿಲಿಮೀಟರು, ಎಂದರೆ ಒಂದೂವರೆ ಅಂಗುಲ. ಈ ದಂಡವು ಮರವನ್ನು ನೇರವಾಗಿ ಮುಟ್ಟುವುದಿಲ್ಲ. ಮರದೊಳಕ್ಕೆ ಮೊದಲು ಹಲ್ಲಂಚಿನ ಲೋಹದ ಬುಷ್ ಒಂದನ್ನು ಹೊಡೆದು ಕೂರಿಸಿ, ಅದರೊಳಗೆ ದಂಡವನ್ನು ಸೇರಿಸುತ್ತಾರೆ.

ಮರಕ್ಕೆ ಉದ್ದವಾದ ದಂಡವೇ ಬೇಕೇಕೆಂಬುದನ್ನು ಗಣಿತದಿಂದ ತಿಳಿಯಬಹುದು. ಹಿಂದೆ ಹೇಳಿದಂತೆ ಚಕ್ರವು ದಂಡದ ನೇರಕ್ಕಿಲ್ಲ. ಸರಿತವು ೨೦ ಮಿಲಿಮೀಟರು, ಭಾರವು ೪೫ ಕಿಲೋಗ್ರಾಂ, ಎಂದರೆ ಸುಮಾರು ೪೪೧ ನ್ಯೂಟನ್ ಎಂದಿಟ್ಟುಕೊಂಡರೆ, ದಂಡವನ್ನು ವಾಲಿಸಲು ಯತ್ನಿಸುವ ಭ್ರಾಮಕವು ಇವೆರಡರ ಗುಣಲಬ್ಧ, ಎಂದರೆ ೮,೮೨೦ ನ್ಯೂಟನ್-ಮಿಲಿಮೀಟರು. ಇದನ್ನು ತಡೆದುನಿಲ್ಲಬೇಕಾದದ್ದು ರಂಧ್ರದ ಗೋಡೆ. ರಂಧ್ರದ ಬಾಯಿಯಲ್ಲಿ ದಂಡ ಒಂದು ಪಕ್ಕಕ್ಕೆ ಒತ್ತುತ್ತದೆ, ತಳದಲ್ಲಿ ಎದುರು ಪಕ್ಕಕ್ಕೆ ಒತ್ತುತ್ತದೆ. ಈ ಒತ್ತಡವು ಉದ್ದಕ್ಕೂ ಸಮಪ್ರಮಾಣದಲ್ಲಿ ಬದಲಾಗುತ್ತದೆಂದು ಭಾವಿಸಿದರೆ, ಅದರ ಪರಮಾವಧಿಯು ಭ್ರಾಮಕದ ಆರರಷ್ಟನ್ನು ವ್ಯಾಸದಿಂದಲೂ ಉದ್ದದ ವರ್ಗದಿಂದಲೂ ಭಾಗಿಸಿದಷ್ಟಾಗುತ್ತದೆ. ೧೧ ಮಿಲಿಮೀಟರು ವ್ಯಾಸ, ೨೨ ಮಿಲಿಮೀಟರು ಉದ್ದಕ್ಕೆ ಇದು ಚದರ ಮಿಲಿಮೀಟರಿಗೆ ಸುಮಾರು ೧೦ ನ್ಯೂಟನ್. ಬುಷ್‌ನ ಹೊರವ್ಯಾಸವನ್ನೂ ೧೧ ಮಿಲಿಮೀಟರೆಂದೇ ಹಿಡಿದು ಉದ್ದವನ್ನು ೩೮ ಮಾಡಿದರೆ ಸುಮಾರು ೩.೩ ನ್ಯೂಟನ್. ದಂಡದ ಉದ್ದ ಎರಡರಷ್ಟು ಕೂಡ ಆಗಿಲ್ಲ. ಮರದ ಮೇಲಿನ ಒತ್ತಡ ಮೂರರಲ್ಲಿ ಒಂದಕ್ಕೆ ಇಳಿದಿದೆ. ಉದ್ದವು ಇಲ್ಲಿ ವರ್ಗರೂಪದಲ್ಲಿ ಬರುವುದೇ ಇದಕ್ಕೆ ಕಾರಣ.

ಇದಕ್ಕೆ ಮರದ ಸ್ವಭಾವವೂ ಸೇರುತ್ತದೆ. ಕುರ್ಚಿಯ ತೋಳಿನಲ್ಲಿ ಮರದ ಎಳೆಗಳು ತೋಳಿನ ಉದ್ದಕ್ಕೆ ಹರಿದಿರುತ್ತವೆ. ದಂಡವಾದರೋ ಅವುಗಳಿಗೆ ಅಡ್ಡವಾಗಿ ಕೆಳಗಿನಿಂದ ಮೇಲಕ್ಕೆ ಹೊಗುತ್ತದೆ. ಚಕ್ರವು ಪಕ್ಕಕ್ಕೆ ತಿರುಗಿದಾಗ ದಂಡವು ಎಳೆಗಳನ್ನು ಒಂದರಿಂದೊಂದು ಅಗಲಿಸುವಂತೆ ಒತ್ತುತ್ತದೆ. ಸೌದೆ ಒಡೆಯುವವನು ಕೊಡಲಿಯ ಅಲಗನ್ನು ಎಳೆಯ ನೇರಕ್ಕೇ ಹಿಡಿಯುವುದೂ, ದಿಮ್ಮಿಯ ನಡುವನ್ನು ಬಿಟ್ಟು ತುದಿಯನ್ನೇ ಆರಿಸುವುದೂ ಏತಕ್ಕೆಂದು ಎಲ್ಲರೂ ಬಲ್ಲರು. ಗಾಲಿಯ ದಂಡವು ಇವೆರಡನ್ನೂ ಒಟ್ಟಿಗೆ ಮಾಡುತ್ತದೆ: ತುದಿಯಲ್ಲಿಯೇ, ಎಳೆಯನ್ನು ಅಗಲಿಸುವ ದಿಕ್ಕಿಗೇ ಒತ್ತುತ್ತದೆ. ಮೇಲೆ ಹೇಳಿದ ಕುರ್ಚಿಯ ತೋಳು ಸೀಳಿದುದು ಈ ಕಾರಣದಿಂದ.

ಹಳೆಯ ರಂಧ್ರ ಸಡಿಲವಾಗಿದ್ದರೆ ದಂಡಕ್ಕೆ ಕಾಗದವನ್ನೋ ಬಟ್ಟೆಯನ್ನೋ ಸುತ್ತಿ ತುರುಕುವ ಅಭ್ಯಾಸ ನಮ್ಮಲ್ಲಿ ಉಂಟು. ಇದರಿಂದ ದಂಡದ ಹಿಡಿತವು ರಂಧ್ರದ ಬಾಯಿಗೆ ಮಾತ್ರ ಸೀಮಿತವಾಗಿ, ಅದರ ಉದ್ದವೆಲ್ಲ ವ್ಯರ್ಥವಾಗುತ್ತದೆ. ಸರಿಯಾದ ವಿಧಾನವೆಂದರೆ, ಸಡಿಲವಾದ ರಂಧ್ರವನ್ನು ಸ್ವಲ್ಪ ಹಿಗ್ಗಿಸಿ, ತೇಗದ ಬೆಣೆಯನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆ ಹೊಸದಾಗಿ ಲಂಬವಾದ ರಂಧ್ರ ಕೊರೆದು ಬುಷ್ ಹೊಡೆಯುವುದು. ತುದಿಯಲ್ಲಿ ಆಗಲೇ ಸಣ್ಣ ಬಿರುಕು ಕಂಡಿದ್ದರೆ ಬಿರುಕಿನೊಳಕ್ಕೆ ಅಂಟು ಇಳಿಸಿ ಬಿಗಿದು ಕಟ್ಟಿ ಒಣಗಿಸಬೇಕು. ಅನಂತರ ತೋಳಿನ ಅಗಲಕ್ಕೆ ಅಡ್ಡವಾಗಿ ಒಂದು ಮರದ ಗೂಟವನ್ನಾಗಲಿ ಸಣ್ಣ ಬೋಲ್ಟನ್ನಾಗಲಿ ಹಾಕಿಸಬೇಕು, ಇಲ್ಲವೆ ತುದಿಗೆ ಹಿತ್ತಾಳೆಯ ಬಳೆ ತೊಡಿಸಬೇಕು. ಬಳೆಯು ಎಳೆಗಳು ಅಗಲದಂತೆ ಸುತ್ತಲಿನಿಂದ ಹಿಡಿದಿರುತ್ತದೆ. ಉಳಿಯ ಹಿಡಿಗೂ ಒನಕೆಯ ತುದಿಗೂ ಲೋಹದ ಬಳೆ ಹಾಕುವುದು ಇದೇ ತತ್ತ್ವದಿಂದ.

ದಂಡದಲ್ಲಿ ತಿರುಪು ಇರುವ ಗಾಲಿಗಳೂ ದೊರೆಯುತ್ತವೆ. ಇವುಗಳನ್ನು ನೇರವಾಗಿ ಮರಕ್ಕೆ ತಿರುಗಿಸಿ ಬಿಗಿಯುವುದು ಸಲ್ಲದು. ಗಾಲಿಯ ಸುತ್ತಾಟದಿಂದ ತಿರುಪು ಸಡಿಲಗೊಂಡು ಮರವನ್ನು ಪುಡಿಮಾಡುತ್ತದೆ. ತೋಳಿನ ಮೇಲುಭಾಗದಿಂದ ಲೋಹದ ನಟ್ಟು ಕೂರಿಸಿ ಅದಕ್ಕೆ ಬಿಗಿಯಲು ಅವಕಾಶವಿದ್ದರೆ ಇವು ಭದ್ರವಾಗಿ ನಿಲ್ಲುತ್ತವೆ. ಚಪ್ಪಟೆ ತಗಡಿನ ಮೂಲಕ ನಾಲ್ಕು ಸ್ಕ್ರೂಗಳಿಂದ ಬಿಗಿಯುವ ಗಾಲಿಗಳು ಕಪಾಟು, ಪೆಟ್ಟಿಗೆಗಳಿಗೆ ಯೋಗ್ಯವಾದವು. ಕುರ್ಚಿಯ ಕಿರಿದಾದ ತೋಳಿನ ತುದಿಯಲ್ಲಿ ನಾಲ್ಕು ಸ್ಕ್ರೂಗಳನ್ನು ಹೊಡೆಯುವುದೆಂದರೆ ಸೀಳುವುದಕ್ಕೆ ನಾಲ್ಕು ದಾರಿ ಮಾಡಿಕೊಟ್ಟಂತೆ.

೫. ಚಕ್ರ ಮತ್ತು ನೆಲ

ಮರದ ಕಡೆಯನ್ನು ನೋಡಿದ್ದಾಯಿತು. ಇನ್ನು ನೆಲದ ಕಡೆಗೆ ಬರೋಣ. ನಮ್ಮ ಕಟ್ಟಡಗಳಲ್ಲಿ ರತ್ನಗಂಬಳಿ ಹಾಸಿದ ಕಚೇರಿಗಳು ಕಡಿಮೆ. ಹಳೆಯ ಕಾಲೇಜುಗಳಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ, ಮೊಸಾಯಿಕ್, ಶಹಾಬಾದ್ ಕಲ್ಲು, ಕಡಪ ಕಲ್ಲು. ಹೊಸ ಕಟ್ಟಡಗಳಲ್ಲಿ ಗ್ರಾನೈಟ್ ಅಥವಾ ಮೆರುಗಿನ ಟೈಲುಗಳು. ಇವೆಲ್ಲ ಗಡುಸಾದ ನೆಲಗಳು.

ಇಲ್ಲಿ ಪಾಲಿಸಬೇಕಾದ ಸೂತ್ರ ಸರಳವಾದದ್ದು: ಗಡುಸಾದ ನೆಲಕ್ಕೆ ಮೃದುವಾದ ಚಕ್ರ, ಮೃದುವಾದ ನೆಲಕ್ಕೆ ಗಡುಸಾದ ಚಕ್ರ. ಎರಡು ವಕ್ರ ಅಥವಾ ಸಮತಲದ ಘನವಸ್ತುಗಳು ಒತ್ತಿಕೊಂಡಾಗ ಅವು ಮುಟ್ಟುವ ಪ್ರದೇಶ ಎಷ್ಟೆಂಬುದನ್ನು ಜರ್ಮನಿಯ ಹೈನ್ರಿಕ್ ಹರ್ಟ್ಸ್ ೧೮೮೨ರಲ್ಲಿ ಗಣಿತದಿಂದ ನಿರೂಪಿಸಿದನು. ಎರಡೂ ಗಡುಸಾಗಿದ್ದರೆ ಆ ಪ್ರದೇಶವು ಅತ್ಯಂತ ಕಿರಿದಾಗಿ, ಒತ್ತಡವು ಅತ್ಯಧಿಕವಾಗುತ್ತದೆ. ಒಂದು ಮೃದುವಾಗಿದ್ದರೆ ಅದು ಚಪ್ಪಟೆಯಾಗಿ ಭಾರವನ್ನು ಹರಡಿಕೊಳ್ಳುತ್ತದೆ. ಕಬ್ಬಿಣದ ಚಕ್ರವು ರೆಡ್ ಆಕ್ಸೈಡ್ ನೆಲದಲ್ಲಿ ಗೆರೆ ಕೊರೆಯುವುದಕ್ಕೂ ಕಲ್ಲಿನ ನೆಲದಲ್ಲಿ ಕಟಕಟನೆ ಸದ್ದು ಮಾಡುವುದಕ್ಕೂ ಇದೇ ಕಾರಣ. ಮೃದುವಾದ ಚಕ್ರವನ್ನು ಗಂಬಳಿಯ ಮೇಲೆ ಓಡಿಸಿದರೆ ಎರಡೂ ಕುಗ್ಗುವುದರಿಂದ ಕುರ್ಚಿಯನ್ನು ಎಳೆಯುವುದೇ ಪ್ರಯಾಸವಾಗುತ್ತದೆ. ಐರೋಪ್ಯ ಮಾನಕವಾದ ಇಎನ್ ೧೨೫೨೯ ಕೂಡ ತಿರುಗು ಕುರ್ಚಿಯ ಗಾಲಿಗಳನ್ನು ಈ ತತ್ತ್ವದ ಮೇಲೆಯೇ ಎಚ್ ಮತ್ತು ಡಬ್ಲ್ಯು ಎಂಬ ಎರಡು ವರ್ಗಗಳಾಗಿ ವಿಂಗಡಿಸುತ್ತದೆ. ಎಚ್ ವರ್ಗದ್ದು ಗಡುಸು, ಗಂಬಳಿಯ ನೆಲಕ್ಕೆ. ಡಬ್ಲ್ಯು ವರ್ಗದ್ದು ಮೃದು, ಗಡುಸು ನೆಲಕ್ಕೆ. ಡಬ್ಲ್ಯು ವರ್ಗದ ಚಕ್ರದಲ್ಲಿ ನೆಲ ಮುಟ್ಟುವ ಪಟ್ಟಿಯ ಬಣ್ಣ ಒಡಲಿನ ಬಣ್ಣಕ್ಕಿಂತ ಬೇರೆಯಾಗಿರುತ್ತದೆ. ಅಂಗಡಿಯಲ್ಲಿ ಗುರುತಿಸಲು ಇದು ಒಳ್ಳೆಯ ಕುರುಹು.

ನೆಲವನ್ನು ನಿಜವಾಗಿ ಕೆರೆಯುವುದು ಹಲವು ವೇಳೆ ಚಕ್ರವಲ್ಲದೆ ಅದರಡಿಯಲ್ಲಿ ಸಿಕ್ಕಿದ ಮರಳಿನ ಕಣವಾಗಿರುತ್ತದೆ. ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣಶಿಲೆಗಳು. ಸುಣ್ಣಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಕಾಠಿಣ್ಯ ಮೋಸ್ ಮಾನದಲ್ಲಿ ೩. ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಸಿನದು ೭. ಗಡುಸಾದ ಚಕ್ರವು ಈ ಕಣವನ್ನು ಕಲ್ಲಿನೊಳಕ್ಕೆ ಒತ್ತುತ್ತದೆ. ಮೃದುವಾದ ಚಕ್ರವು ಕಣವನ್ನು ತನ್ನೊಳಕ್ಕೆ ಇಳಿಸಿಕೊಳ್ಳುತ್ತದೆ. ಆದರೆ ಹಾಗೆ ಇಳಿಸಿಕೊಂಡ ಕಣಗಳು ಚಕ್ರದಲ್ಲಿಯೇ ನೆಟ್ಟುಕೊಂಡರೆ ಅದೇ ಉಪ್ಪುಕಾಗದದಂತಾಗುತ್ತದೆಯಾದ್ದರಿಂದ ಆಗಾಗ ಒದ್ದೆ ಬಟ್ಟೆಯಿಂದ ಒರೆಸುವುದು ಅಗತ್ಯ.

ಚಕ್ರದ ವ್ಯಾಸವನ್ನು ನಿರ್ಣಯಿಸುವಲ್ಲಿಯೂ ನೆಲವೇ ಮುಖ್ಯ. ಚಪ್ಪಡಿಗಳ ಸಂದಿಯಲ್ಲಿ ೩ ಮಿಲಿಮೀಟರು ಎತ್ತರದ ಅಂಚೊಂದು ಅಡ್ಡ ಬಂದಿತೆನ್ನೋಣ. ಅದನ್ನು ಏರಿ ದಾಟಲು ಅಚ್ಚಿನ ಮಟ್ಟದಲ್ಲಿ ಎಷ್ಟು ಬಲ ಬೇಕೆಂದು ಭ್ರಾಮಕಗಳ ನಿಯಮದಿಂದ ಕಂಡುಹಿಡಿಯಬಹುದು. ೪೦ ಮಿಲಿಮೀಟರು ವ್ಯಾಸದ ಚಕ್ರಕ್ಕೆ ಅದರ ಮೇಲಿನ ಭಾರದ ೦.೬೨ರಷ್ಟು ಬಲ ಬೇಕು. ೫೦ ಮಿಲಿಮೀಟರಿನದಕ್ಕೆ ೦.೫೪ರಷ್ಟು, ೭೫ ಮಿಲಿಮೀಟರಿನದಕ್ಕೆ ೦.೪೩ರಷ್ಟು. ಈ ಬಲವೆಲ್ಲ ದಂಡದ ಮೂಲಕ ಮರದ ತೋಳಿಗೇ ತಾಗುತ್ತದೆಯೆಂಬುದನ್ನು ಮರೆಯಬಾರದು. ಆದ್ದರಿಂದ ಒರಟು ನೆಲದಲ್ಲಿ ದೊಡ್ಡ ಚಕ್ರವು ಕುಳಿತವರಿಗೆ ಸುಖಕರವಾಗಿರುವಂತೆಯೇ ಮರಕ್ಕೂ ಹಿತಕರ. ಆದರೂ ವ್ಯಾಸವನ್ನು ಮನಬಂದಂತೆ ಹೆಚ್ಚಿಸಲಾಗದು. ಅದರ ಮಿತಿಯನ್ನು ಏಳನೆಯ ಭಾಗದಲ್ಲಿ ಹೇಳಿದೆ.

೬. ಚಕ್ರದ ದ್ರವ್ಯ ಮತ್ತು ನಮ್ಮ ಹವೆ

ಹಿಂದಿನ ಗಾಲಿಗಳನ್ನು ಎರಕದ ಕಬ್ಬಿಣ, ಹಿತ್ತಾಳೆ, ಗಟ್ಟಿಮರ, ಪಿಂಗಾಣಿ ಇವುಗಳಿಂದ ಮಾಡುತ್ತಿದ್ದರು. ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ನೈಲಾನ್, ಪಾಲಿಯುರಿಥೇನ್ ಮತ್ತು ರಬ್ಬರು. ಇವುಗಳಲ್ಲಿ ನೈಲಾನನ್ನು ೧೯೩೫ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಶಾಲೆಯಲ್ಲಿ ವಾಲೆಸ್ ಕರಾದರ್ಸನೂ, ಪಾಲಿಯುರಿಥೇನನ್ನು ೧೯೩೭ರಲ್ಲಿ ಜರ್ಮನಿಯಲ್ಲಿ ಆಟೋ ಬೇಯರನೂ ಅವರ ಸಂಗಡಿಗರೂ ಮೊದಲು ತಯಾರಿಸಿದರು.

ನೈಲಾನ್ ಗಡುಸಾದದ್ದು, ಸವೆತವನ್ನು ತಡೆಯಬಲ್ಲದ್ದು, ಉಕ್ಕಿನ ಅಚ್ಚಿನ ಮೇಲೆ ಎಣ್ಣೆಯಿಲ್ಲದೆಯೂ ಸುತ್ತಬಲ್ಲದ್ದು. ಆದರೆ ಅದು ಗಾಳಿಯ ತೇವವನ್ನು ಹೀರಿ ಕೊಂಚ ಉಬ್ಬುತ್ತದೆ. ಅಚ್ಚಿನ ರಂಧ್ರ ಮೊದಲೇ ಬಿಗಿಯಾಗಿದ್ದರೆ ಮಳೆಗಾಲದಲ್ಲಿ ಚಕ್ರ ತಿರುಗಲು ಹಟ ಮಾಡಬಹುದು. ಗಡುಸು ನೆಲಕ್ಕೆ ಬರಿಯ ನೈಲಾನ್ ಚಕ್ರ ಯೋಗ್ಯವಲ್ಲವೆಂದು ಆಗಲೇ ಹೇಳಿದೆ. ರಬ್ಬರು ಮೃದುವಾದರೂ, ಕಪ್ಪು ರಬ್ಬರು ತಿಳಿಬಣ್ಣದ ನೆಲದಲ್ಲಿ ಗುರುತು ಬಿಡುವುದುಂಟು. ಎಣ್ಣೆ ತಾಗಿದರೆ ಅದು ಕೆಡುತ್ತದೆ. ನೈಲಾನಿನ ಒಡಲಿನ ಮೇಲೆ ಪಾಲಿಯುರಿಥೇನಿನ ಪಟ್ಟಿಯುಳ್ಳ ಚಕ್ರವು ಇವೆರಡರ ಗುಣಗಳನ್ನೂ ಬಹುಮಟ್ಟಿಗೆ ಒಳಗೊಂಡಿದೆ.

ಪಾಲಿಯುರಿಥೇನಿನಲ್ಲಿಯೂ ಎರಡು ಜಾತಿಗಳುಂಟೆಂಬುದನ್ನು ಕೊಳ್ಳುವವರು ತಿಳಿದಿರಬೇಕು. ಪಾಲಿಎಸ್ಟರ್ ಮೂಲದ್ದು ಒಂದು, ಪಾಲಿಈಥರ್ ಮೂಲದ್ದು ಇನ್ನೊಂದು. ಮೊದಲನೆಯದು ಸವೆತವನ್ನು ಚೆನ್ನಾಗಿ ತಾಳುತ್ತದೆ. ಆದರೆ ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ ನೀರಿನ ಅಣುಗಳು ಅದರ ಎಸ್ಟರ್ ಬಂಧಗಳನ್ನು ಮೆಲ್ಲಮೆಲ್ಲನೆ ಒಡೆಯುತ್ತವೆ. ಆಗ ಚಕ್ರದ ಪಟ್ಟಿ ಅಂಟಂಟಾಗಿ, ಕಡೆಗೆ ಪುಡಿಪುಡಿಯಾಗಿ ಉದುರುತ್ತದೆ. ಬಳಸದೆ ಉಗ್ರಾಣದಲ್ಲಿಟ್ಟ ಗಾಲಿಗೂ ಈ ಗತಿ ತಪ್ಪದು. ಎರಡನೆಯ ಜಾತಿ ಈ ಜಲವಿಚ್ಛೇದನವನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಬಳ್ಳಾರಿ, ರಾಯಚೂರುಗಳ ಒಣಹವೆಯಲ್ಲಿ ಈ ಭೇದ ಅಷ್ಟಾಗಿ ತೋರದೆ ಇರಬಹುದು. ಮಂಗಳೂರು, ಕಾರವಾರ, ಆಗುಂಬೆಗಳ ಕಡೆಯವರು ಪಾಲಿಈಥರ್ ಮೂಲದ್ದನ್ನೇ ಕೇಳಿ ಕೊಳ್ಳುವುದು ಲೇಸು. ಕಡಲ ಗಾಳಿಯಿರುವ ಊರುಗಳಲ್ಲಿ ಕವೆಗೂ ಅಚ್ಚಿಗೂ ತುಕ್ಕು ಹಿಡಿಯದಂತೆ ಲೇಪವಿದೆಯೆ ಎಂಬುದನ್ನೂ ನೋಡಬೇಕು.

ಇನ್ನು ಅಚ್ಚಿನ ವಿಚಾರ. ಗಾಲಿ ಮೊಂಡು ಹಿಡಿಯುವುದು ಬಹುಶಃ ಸವೆತದಿಂದಲ್ಲ. ಕೂದಲು, ದಾರ, ಬಟ್ಟೆಯ ನೂಲು ಅಚ್ಚಿಗೆ ಸುತ್ತಿಕೊಳ್ಳುವುದರಿಂದ. ತಿರುಗದ ಚಕ್ರವು ನೆಲದ ಮೇಲೆ ಎಳೆಯಲ್ಪಡುತ್ತ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಆದ್ದರಿಂದ ಕಳಚಿ ಶುಚಿಮಾಡಲು ಬರುವ ಗಾಲಿಯೇ ದೀರ್ಘಾಯುಷಿ. ಎರಡು ಚಕ್ರಗಳನ್ನು ಅಕ್ಕಪಕ್ಕ ಜೋಡಿಸಿದ ಜೋಡಿಗಾಲಿಗಳಲ್ಲಿ, ಗಾಲಿ ನಿಂತಲ್ಲಿಯೇ ದಿಕ್ಕು ಬದಲಿಸುವಾಗ ಒಂದು ಚಕ್ರ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಉರುಳುವುದರಿಂದ ನೆಲದ ಉಜ್ಜಾಟ ಕಡಿಮೆಯಾಗುತ್ತದೆ. ಇದು ಅವುಗಳ ಗುಣ. ಅವುಗಳ ನಡುವೆ ದಾರ ಸಿಕ್ಕಿದರೆ ತೆಗೆಯುವುದು ಕಷ್ಟ, ಇದು ದೋಷ.

೭. ಕುರ್ಚಿಯ ಸ್ಥಿರತೆ

ಗಾಲಿಯ ಆಯ್ಕೆಯಲ್ಲಿ ಕುಳಿತವರ ಕ್ಷೇಮವು ಎಲ್ಲಕ್ಕಿಂತ ಮೇಲಿನದು. ಹಳೆಯ ಮರದ ಕುರ್ಚಿಗೆ ತೋಳುಗಳು ನಾಲ್ಕೇ. ತೋಳಿನ ಉದ್ದ ೩೦ ಸೆಂಟಿಮೀಟರು ಎಂದರೆ, ಕುರ್ಚಿಯ ನಡುವಿನಿಂದ ಎರಡು ತೋಳುಗಳ ತುದಿಗಳನ್ನು ಸೇರಿಸುವ ರೇಖೆಗೆ ಇರುವ ದೂರ ೨೧.೨ ಸೆಂಟಿಮೀಟರು ಮಾತ್ರ. ಭಾರಕೇಂದ್ರವು ಈ ರೇಖೆಯನ್ನು ದಾಟಿದರೆ ಕುರ್ಚಿ ಉರುಳುತ್ತದೆ. ಅಷ್ಟೇ ಉದ್ದದ ಐದು ತೋಳುಗಳಿದ್ದರೆ ಈ ದೂರ ೨೪.೩ ಸೆಂಟಿಮೀಟರು. ೧೯೭೦ರ ದಶಕದಿಂದ ಈಚೆಗೆ ಕಚೇರಿ ಕುರ್ಚಿಗಳಲ್ಲಿ ಐದು ತೋಳಿನ ಪೀಠವು ರೂಢಿಗೆ ಬಂದುದರ ಮರ್ಮ ಇದೇ. ಗಾಲಿಗಳು ಒಳಮುಖವಾಗಿ ತಿರುಗಿ ನಿಂತಾಗ ನೆಲ ಮುಟ್ಟುವ ಬಿಂದುಗಳು ಇನ್ನೂ ೨ ಸೆಂಟಿಮೀಟರು ಒಳಕ್ಕೆ ಸರಿಯುವುದರಿಂದ ನಾಲ್ಕು ತೋಳಿನ ಕುರ್ಚಿಯಲ್ಲಿ ಉಳಿಯುವ ದೂರ ೨೦ ಸೆಂಟಿಮೀಟರಿಗೂ ಕಡಿಮೆ.

ಇದರಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಹೊಸ ಗಾಲಿಯ ಒಟ್ಟು ಎತ್ತರವು ಹಳೆಯದಕ್ಕಿಂತ ಹೆಚ್ಚು ಬೇರೆಯಾಗಿರಬಾರದು. ಎತ್ತರ ಹೆಚ್ಚಿದಷ್ಟೂ ಭಾರಕೇಂದ್ರ ಮೇಲೇರುತ್ತದೆ, ಮೇಜಿಗೂ ಕುರ್ಚಿಗೂ ಇರುವ ಹೊಂದಿಕೆ ಕೆಡುತ್ತದೆ. ೭೫ ಮಿಲಿಮೀಟರಿನ ಚಕ್ರವು ಸಂದಿಗಳನ್ನು ಸುಲಭವಾಗಿ ದಾಟುವುದೆಂಬುದು ನಿಜವಾದರೂ ಈ ಕಾರಣದಿಂದ ಸಾಮಾನ್ಯವಾಗಿ ೫೦ ಮಿಲಿಮೀಟರಿನ ಸುಮಾರಿನದೇ ಮಧ್ಯಮ ಮಾರ್ಗ. ಎರಡನೆಯದಾಗಿ, ಸರಿತವು ಅ‍ತಿಯಾಗಿರುವ ಗಾಲಿಯನ್ನು ಬಿಡಬೇಕು. ಅದು ಮರಕ್ಕೂ ಹೊರೆ, ಸ್ಥಿರತೆಗೂ ಕೊರತೆ. ಮೂರನೆಯದಾಗಿ, ಅತಿ ಸರಾಗವಾಗಿ ಉರುಳುವುದೇ ಗಾಲಿಯ ಶ್ರೇಷ್ಠತೆಯೆಂದು ಭಾವಿಸಕೂಡದು. ಗುಂಡಿನ ಬೇರಿಂಗುಳ್ಳ ಚಕ್ರಗಳು ನುಣುಪಾದ ಟೈಲಿನ ಮೇಲೆ ಸಣ್ಣ ನೂಕಿಗೂ ಓಡುತ್ತವೆ; ಕುಳಿತುಕೊಳ್ಳಲು ಹೋದವರ ಹಿಂದಿನಿಂದ ಕುರ್ಚಿ ಸರಿದುಹೋದರೆ ಬಿದ್ದವರ ಬೆನ್ನೆಲುಬಿಗೆ ಅಪಾಯ. ಭಾರವಿಲ್ಲದಾಗ ತಾನೇ ತಡೆಹಿಡಿದು, ಕುಳಿತಾಗ ಬಿಡುವ ಗಾಲಿಗಳೂ ಉಂಟು. ನುಣುಪು ನೆಲವಿರುವಲ್ಲಿ, ಅದರಲ್ಲಿಯೂ ವಯಸ್ಸಾದವರು ಬಳಸುವ ಕುರ್ಚಿಗೆ, ಇವೇ ಉತ್ತಮ.

೮. ಆಯ್ಕೆಯ ಕ್ರಮ

ಇದುವರೆಗೆ ಹೇಳಿದುದನ್ನು ಕಾರ್ಯಕ್ರಮದ ರೂಪದಲ್ಲಿ ಹೀಗೆ ಸಂಗ್ರಹಿಸಬಹುದು.

(೧) ಕುರ್ಚಿಯನ್ನು ಮಗುಚಿ ಹಳೆಯ ಗಾಲಿಗಳನ್ನು ತೆಗೆದು, ನಾಲ್ಕು ತೋಳುಗಳ ತುದಿಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಬಿರುಕಿದ್ದರೆ ಮೊದಲು ಬಡಗಿಯ ಕೆಲಸ, ಅನಂತರ ಗಾಲಿಯ ಮಾತು.

(೨) ದಂಡದ ವ್ಯಾಸವನ್ನೂ ಉದ್ದವನ್ನೂ, ರಂಧ್ರದ ಆಳವನ್ನೂ, ಗಾಲಿಯ ಒಟ್ಟು ಎತ್ತರವನ್ನೂ ಕ್ಯಾಲಿಪರಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ೮ ಮಿಲಿಮೀಟರಿಗೂ ೧೦ಕ್ಕೂ ೧೧ಕ್ಕೂ ಇರುವ ಭೇದವು ಬರಿಗಣ್ಣಿಗೆ ತಿಳಿಯದು. ಹಳೆಯ ಗಾಲಿಯೊಂದನ್ನು ಅಂಗಡಿಗೆ ಒಯ್ಯುವುದು ಇನ್ನೂ ಒಳ್ಳೆಯದು.

(೩) ಮರದ ರಂಧ್ರ ಅವಕಾಶ ಕೊಡುವಷ್ಟು ಉದ್ದದ ದಂಡವನ್ನೇ ಆರಿಸಿ, ಬುಷ್ ಸಮೇತ ಕೊಳ್ಳಬೇಕು. ಗಿಡ್ಡ ದಂಡದ ಗಾಲಿ ಎಷ್ಟೇ ಸುಂದರವಾಗಿದ್ದರೂ ಮರಕ್ಕೆ ಸಲ್ಲದು.

(೪) ಗಡುಸು ನೆಲಕ್ಕೆ ಮೃದುಪಟ್ಟಿಯ ಚಕ್ರ. ತೇವದ ಊರಿನಲ್ಲಿ ಪಾಲಿಈಥರ್ ಮೂಲದ ಪಟ್ಟಿ.

(೫) ಒಂದೊಂದು ಗಾಲಿಯ ಭಾರಸಾಮರ್ಥ್ಯವು ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚಿರಬೇಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಬೇಕು. ಐದನೆಯದೊಂದನ್ನು ಕೊಂಡಿಟ್ಟಿದ್ದರೆ ಮುಂದೆ ಒಂದು ಮುರಿದಾಗ ಅದೇ ಅಳತೆಯದಕ್ಕಾಗಿ ಅಲೆಯಬೇಕಾಗದು.

(೬) ವರ್ಷಕ್ಕೆರಡು ಬಾರಿಯಾದರೂ, ರಜೆಯ ದಿನಗಳಲ್ಲಿ, ಅಚ್ಚಿನ ದಾರ, ಕೂದಲುಗಳನ್ನು ತೆಗೆಯಿಸಿ, ದಂಡ ಸಡಿಲವಾಗಿದೆಯೆ ಎಂದು ನೋಡಿಸಬೇಕು. ಸಡಿಲವನ್ನು ಮೊದಲೇ ಗುರುತಿಸಿದರೆ ಸೀಳನ್ನು ತಪ್ಪಿಸಬಹುದು.

೯. ಉಪಸಂಹಾರ

ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸುತ್ತಿದ್ದುದನ್ನು ನಮ್ಮ ಹಳ್ಳಿಗಳಲ್ಲಿ ಬೆಳೆದವರು ಬಲ್ಲರು. ದಾರಿಯ ಕಲ್ಲಿಗೆ ಒಡ್ಡಿಕೊಂಡು ಸವೆಯುತ್ತಿದ್ದುದು ಹಳಿ. ಅದು ತೆಳುವಾದಾಗ ಹೊಸ ಹಳಿ ಬರುತ್ತಿತ್ತು, ಮರದ ಚಕ್ರ ಹಾಗೆಯೇ ಉಳಿಯುತ್ತಿತ್ತು. ಸವೆಯಬೇಕಾದದ್ದು ಯಾವುದು, ಉಳಿಯಬೇಕಾದದ್ದು ಯಾವುದು ಎಂಬ ವಿವೇಕ ಆ ಕೆಲಸದಲ್ಲಿತ್ತು. ಕುರ್ಚಿಯ ಗಾಲಿಗೂ ಅದೇ ವಿವೇಕ ಸಲ್ಲುತ್ತದೆ.

ಮೊದಲಲ್ಲಿ ಹೇಳಿದ ಕುರ್ಚಿಯ ಸೀಳಿದ ತೋಳಿಗೆ ಅಂಟು ಹಾಕಿ, ಅಡ್ಡಗೂಟ ಹೊಡೆದು, ಹಿತ್ತಾಳೆಯ ಬಳೆ ತೊಡಿಸಲಾಯಿತು. ಉಳಿದ ಮೂರು ತೋಳುಗಳಿಗೂ ಬಳೆ ಹಾಕಿಸಿ, ಉದ್ದ ದಂಡದ ಗಾಲಿಗಳನ್ನು ಬುಷ್ ಸಮೇತ ಕೂರಿಸಲಾಯಿತು. ನಿರುಪಯುಕ್ತ ವಸ್ತುಗಳ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕಿದ್ದಾಗಿದೆ. ಬಿದ್ದಿದ್ದ ಸಹೋದ್ಯೋಗಿಯೇ ಈಗ ಅದನ್ನು ಬಳಸುತ್ತಿದ್ದಾರೆ. ಅಂತಹ ಕುರ್ಚಿಗಳು ಇನ್ನೂ ಎಷ್ಟೋ ಕಾಲೇಜುಗಳ ಉಗ್ರಾಣಗಳಲ್ಲಿ ಧೂಳು ಹಿಡಿದು ಬಿದ್ದಿರಬಹುದು. ಅವುಗಳನ್ನು ಹರಾಜಿಗೆ ಕಳುಹಿಸುವ ಮುನ್ನ ಒಮ್ಮೆ ಮಗುಚಿ, ಕೆಟ್ಟಿರುವುದು ಗಾಲಿಯೋ ಮರವೋ ಎಂದು ಪರೀಕ್ಷಿಸಿ ನೋಡಬೇಕೆಂಬುದು ವಾಚಕರಲ್ಲಿ ನಮ್ಮ ವಿಜ್ಞಾಪನೆ.